ಕಟ್ಟಿಕೊಟ್ಟವರೇ ಬಾಂಬ್ ಹಾಕಿದ ಹಡಗು: ಯಾಂಗ್ತ್ಸೆ ನದಿ, 1937

ನೌಕಾಯುದ್ಧ ಅಂದ ತಕ್ಷಣ ಕಣ್ಣ ಮುಂದೆ ಸಮುದ್ರ ಬರುತ್ತೆ ಅಲ್ವಾ? ಇವತ್ತಿನ ಕಥೆ ನಡೆಯೋದು ನದಿಯಲ್ಲಿ. ಚೀನಾದ ಯಾಂಗ್ತ್ಸೆ ನದಿ, 1937ರ ಸೆಪ್ಟೆಂಬರ್. ಲಂಗರು ಹಾಕಿ ನಿಂತ ಚೀನೀ ಯುದ್ಧನೌಕೆಗಳ ಮೇಲೆ ಜಪಾನಿ ವಿಮಾನಗಳು ಬಾಂಬ್ ಸುರೀತಿವೆ. ಹಡಗುಗಳು ಓಡಿಹೋಗೋ ಹಾಗಿಲ್ಲ. ಯಾಕೆ ಹಾಗಿಲ್ಲ ಅನ್ನೋದೇ ಇವತ್ತಿನ ವಿಷಯ.

ಮೊದಲು ಊರುಗಳನ್ನ ಮನಸ್ಸಲ್ಲಿ ಇಟ್ಕೊಳ್ಳಿ. ನದಿ ಸಮುದ್ರ ಸೇರುವ ಕಡೆ ಶಾಂಘೈ. ಅಲ್ಲಿಂದ ಮೇಲಕ್ಕೆ ಹೋದರೆ ಆಗಿನ ರಾಜಧಾನಿ ನಾನ್‌ಜಿಂಗ್. ಇನ್ನೂ ಮೇಲೆ ವುಹಾನ್, ಅದಕ್ಕೂ ಮೇಲೆ ಬೆಟ್ಟಗಳ ನಡುವೆ ಚೊಂಗ್‌ಚಿಂಗ್. ವುಹಾನ್ ಸಮುದ್ರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ ಇದ್ದರೂ ಅಲ್ಲಿಯವರೆಗೂ ದೊಡ್ಡ ಹಡಗು ಹೋಗ್ತಿದ್ದವು. ಅಂದರೆ ಈ ನದಿ ಚೀನಾದ ಹೊಟ್ಟೆಯೊಳಕ್ಕೆ ಹೋಗುವ ಹೆದ್ದಾರಿ. ಶತ್ರುವಿಗೂ ಅದೇ ದಾರಿ.

ಶಾಂಘೈ ಮತ್ತು ನಾನ್‌ಜಿಂಗ್ ನಡುವೆ ಜಿಯಾಂಗ್‌ಯಿನ್ ಅನ್ನೋ ಊರಿದೆ. ಅಲ್ಲಿ ನದಿ ಇದ್ದಕ್ಕಿದ್ದ ಹಾಗೆ ಕಿರಿದಾಗುತ್ತೆ. ಎಷ್ಟು ಕಿರಿದು ಅಂದ್ರೆ, 1999ರಲ್ಲಿ ಅಲ್ಲಿ ತೆರೆದ ತೂಗುಸೇತುವೆ 1,385 ಮೀಟರ್‌ನ ಒಂದೇ ಅಂಕಣದಲ್ಲಿ ನದಿಯನ್ನ ದಾಟುತ್ತೆ. ಬಾಗಿಲು ಹಾಕೋದಾದ್ರೆ ಇಲ್ಲೇ ಹಾಕಬೇಕು.

ಆಗ ಚೀನಾದ ನೌಕಾಪಡೆಯ ಮುಖ್ಯಸ್ಥ ಚೆನ್ ಶಾವ್‌ಕುವಾನ್. ಅವರ ಕೈಲಿದ್ದ ಹಡಗುಗಳ ಒಟ್ಟು ತೂಕ 60 ಸಾವಿರ ಟನ್ ಆಸುಪಾಸು. ಜಪಾನಿನದ್ದು ಹತ್ತು ಲಕ್ಷ ಟನ್ ದಾಟಿತ್ತು. ಎದುರಿಗೆ ನಿಂತು ಹೊಡೆದಾಡಿದ್ರೆ ಒಂದು ಮಧ್ಯಾಹ್ನಕ್ಕೂ ಸಾಲದ ಬಲ. ಹಾಗಾಗಿ ಆಗಸ್ಟ್ ಎರಡನೇ ವಾರದಲ್ಲಿ, ಶಾಂಘೈನಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ, ಚೀನಾ ತನ್ನದೇ ಹಳೇ ಹಡಗುಗಳನ್ನ, ಜೊತೆಗೆ ವ್ಯಾಪಾರಿ ಹಡಗುಗಳನ್ನ ತಂದು ಜಿಯಾಂಗ್‌ಯಿನ್‌ನಲ್ಲಿ ಅಡ್ಡಡ್ಡ ಮುಳುಗಿಸಿತು. ನದಿಯ ಮೇಲ್ಭಾಗದಲ್ಲಿದ್ದ ಜಪಾನಿ ಗನ್‌ಬೋಟ್‌ಗಳನ್ನ ಒಳಗೇ ಸಿಕ್ಕಿಸಿ ಹಾಕೋ ಆಸೆಯೂ ಇತ್ತು. ಅದು ಫಲಿಸಲಿಲ್ಲ, ಅವು ಮೊದಲೇ ಕೆಳಗೆ ಇಳಿದು ಪಾರಾದವು. ಗುಟ್ಟು ಬಿಟ್ಟುಕೊಟ್ಟ ಆರೋಪದ ಮೇಲೆ ಹುವಾಂಗ್ ಜುನ್ ಅನ್ನೋ ಸರ್ಕಾರಿ ಕಾರ್ಯದರ್ಶಿಯನ್ನ ಅದೇ ಆಗಸ್ಟ್‌ನಲ್ಲಿ ಗುಂಡಿಟ್ಟು ಕೊಂದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಾಗಿಲು ಹಾಕಿದ್ರೆ ಸಾಲದು, ಕಾವಲು ಬೇಕು. ತೋಪುಗಳು ಹತ್ತಿರ ಇಲ್ಲದಿದ್ರೆ ಶತ್ರು ಆರಾಮಾಗಿ ಬಂದು ಅಡ್ಡಿ ಸರಿಸಿ ಹೋಗ್ತಾನೆ. ಹಾಗಾಗಿ ಉಳಿದ ಒಳ್ಳೆಯ ಹಡಗುಗಳೆಲ್ಲ ಆ ಅಡ್ಡಗಟ್ಟೆಯ ಹಿಂದೆ ನಿಂತವು. ಅವುಗಳಲ್ಲಿ ಅತ್ಯುತ್ತಮ ಎರಡು: ನಿಂಗ್‌ಹಾಯ್ ಮತ್ತು ಪಿಂಗ್‌ಹಾಯ್. ಸುಮಾರು 2,500 ಟನ್‌ನ ಲಘು ಕ್ರೂಸರ್‌ಗಳು. ಎರಡೂ ಹೆಸರಿನ ಅರ್ಥ ಹೆಚ್ಚುಕಡಿಮೆ ಒಂದೇ, ಶಾಂತ ಸಮುದ್ರ.

ನಿಂಗ್‌ಹಾಯ್ ಹುಟ್ಟಿದ ಕಥೆ ಕೇಳಿ. ಅದನ್ನ ಕಟ್ಟಿದ್ದು ಜಪಾನಿನ ಹರಿಮಾ ಹಡಗುಕಟ್ಟೆಯಲ್ಲಿ. ನೀರಿಗೆ ಇಳಿಸಿದ್ದು 1931ರ ಅಕ್ಟೋಬರ್ 10ರಂದು. ಅದಕ್ಕೆ ಬರೀ ಮೂರು ವಾರ ಮೊದಲು ಜಪಾನಿ ಸೇನೆ ಚೀನಾದ ಮಂಚೂರಿಯಾಕ್ಕೆ ನುಗ್ಗಿತ್ತು! ಒಂದು ಕಡೆ ಆಕ್ರಮಣ, ಇನ್ನೊಂದು ಕಡೆ ಹಡಗಿನ ಡೆಲಿವರಿ. ತಮ್ಮ ಪಿಂಗ್‌ಹಾಯ್‌ನ ಶಾಂಘೈನಲ್ಲೇ ಕಟ್ಟಿದರು, ಆದ್ರೆ ನಕ್ಷೆ ಮತ್ತು ತಂತ್ರಜ್ಞರ ನೆರವು ಜಪಾನಿನದ್ದು. 1934ರಲ್ಲಿ ಜಪಾನಿನ ದೊಡ್ಡ ನೌಕಾಧಿಪತಿ ತೋಗೊ ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೆ ಚೀನಾ ಕಳಿಸಿದ್ದು ಇದೇ ನಿಂಗ್‌ಹಾಯ್‌ನ. ಅಂದರೆ ಈ ಹಡಗಿನ ಮೈ, ಗುಣ, ದೌರ್ಬಲ್ಯ ಎಲ್ಲಾ ಬಾಂಬ್ ಹಾಕೋಕೆ ಬಂದವರಿಗೆ ಮೊದಲೇ ಗೊತ್ತಿತ್ತು.

ಸೆಪ್ಟೆಂಬರ್ 22ಕ್ಕೆ ದೊಡ್ಡ ದಾಳಿ ಶುರುವಾಯ್ತು. ಶಾಂಘೈನ ವಿಮಾನ ನಿಲ್ದಾಣ ಅಷ್ಟೊತ್ತಿಗೆ ಜಪಾನಿ ನೌಕಾಪಡೆಯ ಕೈಲಿತ್ತು, ಹತ್ತಿರದಲ್ಲೇ ಕಾಗಾ ಅನ್ನೋ ವಿಮಾನವಾಹಕ ನೌಕೆಯೂ ಇತ್ತು. ಅಲೆ ಅಲೆಯಾಗಿ ವಿಮಾನ ಬಂದವು. ಚೀನಾದ ಯುದ್ಧವಿಮಾನಗಳು? ಇದ್ದದ್ದೇ ಕಡಿಮೆ, ಅವೂ ಶಾಂಘೈ ಮತ್ತು ನಾನ್‌ಜಿಂಗ್ ಆಕಾಶದಲ್ಲಿ ಕಾದಾಡಿ ಸವೆದಿದ್ದವು. ಸೆಪ್ಟೆಂಬರ್ 19ರಿಂದ ರಾಜಧಾನಿಯ ಮೇಲೇ ದಿನಾ ದಾಳಿ. ನದಿಯಲ್ಲಿ ನಿಂತ ಹಡಗಿಗೆ ಯಾರು ಕೊಡೆ ಹಿಡೀತಾರೆ? ಕ್ರೂಸರ್‌ನ ದೊಡ್ಡ ತೋಪುಗಳು ಇನ್ನೊಂದು ಹಡಗಿಗೆ ಹೊಡೆಯೋಕೆ ಇರೋವು, ತಲೆ ಮೇಲಿಂದ ಎರಗುವ ಡೈವ್ ಬಾಂಬರ್‌ಗೆ ಅಲ್ಲ. ಉಳಿದದ್ದು ಕೆಲವು ವಿಮಾನ ನಿರೋಧಕ ತೋಪು, ಮೆಷಿನ್‌ಗನ್, ಅವುಗಳ ಪಕ್ಕ ನಿಂತ ನಾವಿಕರು.

23ರಂದು ಎರಡೂ ಕ್ರೂಸರ್‌ಗಳ ಕಥೆ ಮುಗೀತು. ಇಬ್ಬರು ಕ್ಯಾಪ್ಟನ್‌ಗಳಿಗೂ ಗಾಯ. ನೀರು ತುಂಬಿಕೊಂಡ ಹಡಗುಗಳು ಆಳವಿಲ್ಲದ ಕಡೆ ತಳ ಕಚ್ಚಿ ಕೂತವು. ಪಡೆಯ ದಳಪತಿ ಚೆನ್ ಜಿಲಿಯಾಂಗ್ ಪಿಂಗ್‌ಹಾಯ್ ಬಿಟ್ಟು ಯಾತ್‌ಸೆನ್ ಅನ್ನೋ ಚಿಕ್ಕ ಹಡಗಿಗೆ ತಮ್ಮ ಧ್ವಜ ಒಯ್ದರು. 25ರಂದು ಅದೂ ಹೋಯ್ತು.

ಅದೇ 25ರಂದು ಚೀನಾ ಇನ್ನೂ ನಾಲ್ಕು ಹಳೇ ಕ್ರೂಸರ್‌ಗಳನ್ನ ತಾನೇ ಮುಳುಗಿಸಿ ಅಡ್ಡಗಟ್ಟೆ ಗಟ್ಟಿ ಮಾಡಿತು. ಅವುಗಳಲ್ಲಿ ಒಂದು ಹಾಯ್‌ಚಿ. 1911ರಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ನ್ಯೂಯಾರ್ಕಿಗೂ ಹೋಗಿ ಬಂದ ಹಡಗು ಅದು. ಹೌದು, ಅದೇ ವರ್ಷದ ಕೊನೆಗೆ ದೆಹಲಿ ದರ್ಬಾರಿಗೆ ಬಂದನಲ್ಲ, ಅದೇ ಜಾರ್ಜ್. ಒಂದು ಕಾಲದಲ್ಲಿ ದೇಶದ ಮಾನ ಹೊತ್ತು ಅಟ್ಲಾಂಟಿಕ್ ದಾಟಿದ್ದು, ಈಗ ನದಿಯ ತಳಕ್ಕೆ ಕಲ್ಲುಗುಂಡಿನ ಹಾಗೆ.

ಇದೆಲ್ಲ ವ್ಯರ್ಥ ಅಂತ ಹೇಳೋರು ಇದಾರೆ. ಅವರ ಮಾತಲ್ಲೂ ಹುರುಳಿದೆ. ನವೆಂಬರ್ 5ರಂದು ಜಪಾನಿ ಸೇನೆ ದಕ್ಷಿಣದ ಹಾಂಗ್‌ಝೌ ಕೊಲ್ಲಿಯಲ್ಲಿ ಇಳಿದು ಶಾಂಘೈನ ಬಳಸಿಕೊಂಡು ಬಂತು. ಡಿಸೆಂಬರ್ 13ಕ್ಕೆ ನಾನ್‌ಜಿಂಗ್ ಬಿತ್ತು, ಆಮೇಲೆ ಅಲ್ಲಿ ನಡೆದ ಹತ್ಯಾಕಾಂಡ ನಿಮಗೆ ಗೊತ್ತೇ ಇದೆ. ನದಿಯ ಬಾಗಿಲು ಅದನ್ನ ತಡೀಲಿಲ್ಲ.

ಆದ್ರೆ ನನಗೆ ಬೇರೆ ಲೆಕ್ಕ ಕಾಣುತ್ತೆ. ಡಿಸೆಂಬರ್ ಆರಂಭದಲ್ಲಿ ಜಿಯಾಂಗ್‌ಯಿನ್ ಕೋಟೆ ನೆಲದ ಕಡೆಯಿಂದ ಬೀಳುವವರೆಗೆ, ಅಂದರೆ ಮೂರೂವರೆ ತಿಂಗಳು, ಒಂದೇ ಒಂದು ಜಪಾನಿ ಯುದ್ಧನೌಕೆ ಆ ಗೆರೆ ದಾಟಿ ಮೇಲೆ ಹೋಗಲಿಲ್ಲ. ಆ ಹೊತ್ತಲ್ಲಿ ಶಾಂಘೈನ ಕಾರ್ಖಾನೆಗಳ ಯಂತ್ರಗಳು ದೋಣಿಗಳಲ್ಲಿ ನದಿ ಹತ್ತಿ ಹೋಗ್ತಿದ್ದವು. ನವೆಂಬರ್ 20ಕ್ಕೆ ಸರ್ಕಾರ ರಾಜಧಾನಿಯನ್ನ ಚೊಂಗ್‌ಚಿಂಗ್‌ಗೆ ಸಾಗಿಸುವ ಘೋಷಣೆ ಮಾಡಿತು. ಆಮೇಲೆ ಯುದ್ಧ ಮುಗಿಯೋವರೆಗೂ ಚೀನಾದ ರಾಜಧಾನಿ ಅದೇ ಆಗಿತ್ತು. ಗೆಲ್ಲೋಕಾಗದ ನೌಕಾಪಡೆ ಮಾರಿಕೊಳ್ಳಬಹುದಾಗಿದ್ದು ತನ್ನನ್ನೇ. ಅದು ಕೊಂಡದ್ದು ಸಮಯ. ಬೆಲೆ ತೆತ್ತವರು ಮಾತ್ರ ಡೆಕ್ ಮೇಲಿದ್ದವರು, ಅದನ್ನ ಮರೆತು ‘ಒಳ್ಳೆ ತಂತ್ರ’ ಅಂತ ಶಭಾಷ್ ಹೇಳೋದು ನನಗೆ ಕಷ್ಟ.

ಮುಂದಿನ ವರ್ಷ ಇದೇ ನಾಟಕ ವುಹಾನ್ ಬಳಿ ನಡೀತು. 1938ರ ಅಕ್ಟೋಬರ್ 24, ಊರು ಬೀಳೋಕೆ ಒಂದು ದಿನ ಮೊದಲು. ಜಿನ್‌ಕೌ ಹತ್ತಿರ ಝೊಂಗ್‌ಶಾನ್ ಅನ್ನೋ ಗನ್‌ಬೋಟ್ ಮೇಲೆ ವಿಮಾನ ಎರಗಿದವು. 1922ರ ದಂಗೆಯಲ್ಲಿ ಸನ್ ಯಾತ್‌ಸೆನ್ ಆಶ್ರಯ ಪಡೆದಿದ್ದ ಹಡಗು ಅದು, ಆ ಹೆಸರೂ ಅವರದ್ದೇ. ಅದನ್ನೂ ಕಟ್ಟಿದ್ದು ಜಪಾನಿನ ನಾಗಾಸಾಕಿಯಲ್ಲಿ! ದಡದ ಕಾವಲಿಗೆ ಬೇಕು ಅಂತ ಅದರ ಕೆಲವು ತೋಪುಗಳನ್ನ ಮೊದಲೇ ಬಿಚ್ಚಿಕೊಂಡಿದ್ದರು. ಕಾಲಿಗೆ ಭಾರಿ ಪೆಟ್ಟು ಬಿದ್ದ ಕ್ಯಾಪ್ಟನ್ ಸಾ ಶಿಜುನ್ ಹಡಗು ಬಿಡಲ್ಲ ಅಂದರು. ನಾವಿಕರು ಎತ್ತಿ ದೋಣಿಗೆ ಇಳಿಸಿದರು. ವಿಮಾನಗಳು ಆ ದೋಣಿಯ ಮೇಲೂ ಗುಂಡು ಹಾರಿಸಿದವು. ಕ್ಯಾಪ್ಟನ್ ಉಳೀಲಿಲ್ಲ. 1997ರಲ್ಲಿ ಆ ಹಡಗನ್ನ ನದಿಯಿಂದ ಎತ್ತಿದರು, ಈಗ ಅಲ್ಲೇ ಮ್ಯೂಸಿಯಂನಲ್ಲಿದೆ.

ಮತ್ತೆ ನಮ್ಮ ಎರಡು ಕ್ರೂಸರ್‌ಗಳು? ಅವನ್ನ ಜಪಾನಿನವರೇ ಕೆಸರಿಂದ ಎತ್ತಿ, ತಮ್ಮೂರಿಗೆ ಎಳೆದೊಯ್ದು, 1944ರಲ್ಲಿ ಹೊಸ ಹೆಸರಿಟ್ಟು ತಮ್ಮ ನೌಕಾಪಡೆಗೆ ಸೇರಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ನಿಂಗ್‌ಹಾಯ್ ಅಮೆರಿಕದ ಸಬ್‌ಮರೀನ್‌ಗೆ ಬಲಿಯಾಯ್ತು. ನವೆಂಬರ್ 25ರಂದು ಫಿಲಿಪ್ಪೀನ್ಸ್‌ನ ಲುಝೋನ್ ತೀರದಲ್ಲಿ ಪಿಂಗ್‌ಹಾಯ್ ಮೇಲೆ ಮತ್ತೆ ವಿಮಾನಗಳು ಬಂದವು. ಈ ಸಲ ಅಮೆರಿಕದವು. ಅವತ್ತು ಮುಳುಗಿದ್ದು ಮೇಲೆ ಏಳಲಿಲ್ಲ. ಯಾತ್‌ಸೆನ್ ಮಾತ್ರ ಜಪಾನಿ ಬಾವುಟದಡಿ ಯುದ್ಧ ಮುಗಿಯೋವರೆಗೂ ಬದುಕಿ, 1946ರಲ್ಲಿ ಚೀನಾಕ್ಕೆ ವಾಪಸ್ ಬಂತು.