ಆಪರೇಷನ್‌ಗೆ ಮೊದಲು, ಮಾತ್ರೆಗೆ ಆಮೇಲೆ

ತರೀಕೆರೆಯ ನಮ್ಮ ಮನೆಯಲ್ಲಿ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗೆ ದುಡ್ಡು ಹುಟ್ಟುತ್ತಿದ್ದದ್ದು ಅಡಿಕೆ ಮಂಡಿಯ ಮುಂಗಡದಿಂದ. ಕಡೂರಿನ ಅತ್ತೆ ತೆಂಗಿನಕಾಯಿ ಮಾರಿ ಬಿಪಿ ಮಾತ್ರೆ ತರುತ್ತಿದ್ದರು.

2003ರಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಮೊದಲ ವರ್ಷದ ವಂತಿಗೆ 60 ರೂಪಾಯಿ. ಹೃದಯದ ಶಸ್ತ್ರಚಿಕಿತ್ಸೆಗೂ ಆಸರೆಯಾಯಿತು, ದಿನನಿತ್ಯದ ಮಾತ್ರೆಗಲ್ಲ. 2008ರಲ್ಲಿ ದೇಶದಲ್ಲಿ ಜನೌಷಧಿ ಮಳಿಗೆಗಳು ಶುರುವಾದವು: ಅದೇ ಔಷಧ, ಬ್ರಾಂಡ್ ಹೆಸರಿಲ್ಲದೆ, ಕಡಿಮೆ ಬೆಲೆಗೆ. 2010ರ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಬಳಿಕ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ, ಉಚಿತ ಮಾತ್ರೆ ಹಂತಹಂತವಾಗಿ ಬಂದವು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಅವನ್ನು ಮನೆಬಾಗಿಲಿಗೇ ತಂದಿತು.

ಆಪರೇಷನ್ನಿನ ಸಾಲ ಒಂದು ದಿನ ತೀರುತ್ತದೆ, ಮಾತ್ರೆಯದು ಜೀವಮಾನದ ಖರ್ಚು. ಅಜ್ಜಂಪುರದ ಕೂಲಿ ಹೆಣ್ಣುಮಗಳಿಗೂ ಮಾತ್ರೆ ತಿಂಗಳು ತಪ್ಪದೆ ಸಿಗಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ದಾಸ್ತಾನು ಎಂದೂ ಖಾಲಿಯಾಗಬಾರದು.