ಗಜನಿ ಕಟ್ಟೆಯ ಸಹಕಾರ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಆಡಳಿತ ಮಂಡಳಿಯವರು ನನಗೆ ಹೇಳಿದ್ದಾರೆ. ಸಹಕಾರದ ಇತಿಹಾಸ ಬರೆಯುವವರೆಲ್ಲ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘದಿಂದ ಶುರು ಮಾಡುತ್ತಾರೆ. ಅದು ಸರಿಯೇ. ಆದರೆ ನಮ್ಮ ಕಾರವಾರ, ಅಂಕೋಲೆ ಕಡೆ ರಿಜಿಸ್ಟರ್ ಆಗದ ಒಂದು ಸಹಕಾರ ಮೊದಲೇ ಇತ್ತು. ಅದು ಗಜನಿ ಕಟ್ಟೆ.

ಕಾಳಿ, ಗಂಗಾವಳಿ ಹೊಳೆಗಳು ಸಮುದ್ರ ಸೇರುವಲ್ಲಿ ಭರತದ ಉಪ್ಪುನೀರು ನುಗ್ಗುವ ತಗ್ಗು ಜಮೀನೇ ಗಜನಿ. ಹೊಳೆಯ ಕಡೆಗೆ ಮಣ್ಣಿನ ಕಟ್ಟೆ, ಕಟ್ಟೆಗೆ ಹಲಗೆ ಬಾಗಿಲು. ಮಳೆಗೆ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುವುದು. ಕಗ್ಗ ಎಂಥ ಜಾತಿ ಅಂದರೆ ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ, ಉಪ್ಪಿಗೂ ಜಗ್ಗುವುದಿಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಮುಗಿಸಿ ಬಾಗಿಲು ತೆಗೆದರೆ ನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ಗದ್ದೆಯಲ್ಲಿ ಉಳಿದ ಹುಲ್ಲಿನ ಬುಡ ಕೊಳೆತು ಅವುಗಳಿಗೆ ಆಹಾರವಾಗುತ್ತದೆ. ಮಳೆಗಾಲದಲ್ಲಿ ಒಕ್ಕಲಿಗನಿಗೆ ಅನ್ನ ಕೊಟ್ಟ ಜಮೀನೇ ಬೇಸಿಗೆಯಲ್ಲಿ ಮೀನು ಹಿಡಿಯುವವರಿಗೂ ಅನ್ನ ಕೊಡುತ್ತಿತ್ತು. ಈಗ ದೊಡ್ಡ ಸಭೆಗಳಲ್ಲಿ ಹಸಿರು ಆರ್ಥಿಕತೆ, ಎಲ್ಲರನ್ನೂ ಒಳಗೊಂಡ ಅಭಿವೃದ್ಧಿ ಅಂತ ಭಾಷಣ ಮಾಡುತ್ತಾರಲ್ಲ, ನಮ್ಮ ಹಿರಿಯರು ಯಾವ ಹೆಸರೂ ಇಡದೆ ಅದನ್ನು ಮಾಡಿಕೊಂಡಿದ್ದರು.

ಹಾಗಂತ ಆ ಕಾಲ ಸ್ವರ್ಗವಾಗಿರಲಿಲ್ಲ. ಕಟ್ಟೆಗೆ ಮಣ್ಣು ಹೊತ್ತವನು ಗೇಣಿದಾರ, ಗೇಣಿ ಹೋದದ್ದು ಒಡೆಯರ ಮನೆಗೆ. ನಮ್ಮ ಅಂಕೋಲೆಯವರೇ ಆದ ದಿನಕರ ದೇಸಾಯಿಯವರು ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿ ಚಳವಳಿ ಕಟ್ಟಿದ್ದು ಇದೇ ಕಾರಣಕ್ಕೆ. 1974ರ ಭೂ ಸುಧಾರಣೆಯಿಂದ ಉಳುವವನು ಒಡೆಯನಾದ. ಇದು ಆಗಲೇಬೇಕಿತ್ತು. ಆದರೆ ಗದ್ದೆ ಒಬ್ಬೊಬ್ಬರ ಹೆಸರಿಗಾಯಿತು, ಕಟ್ಟೆ ಯಾರ ಪಾಲಿಗೂ ಬರಲಿಲ್ಲ. ನಾವು ಮುಂಬೈ ಪ್ರಾಂತ್ಯದಲ್ಲಿದ್ದಾಗ, 1948ರಲ್ಲೇ, ಖಾರ್‌ಲ್ಯಾಂಡ್ ಕಾಯ್ದೆ ಬಂದು ಕಟ್ಟೆಯ ಕೆಲಸಕ್ಕೆ ಸರಕಾರ ಕೈಹಾಕಿತ್ತು. ಸರಕಾರ ಕಟ್ಟಿಕೊಡುತ್ತದೆ ಅಂದ ಮೇಲೆ ಮಣ್ಣು ಹೊರಲು ಯಾರು ಬರುತ್ತಾರೆ?

ಆಮೇಲೆ ಬಂದದ್ದು ಸಿಗಡಿ ಕೆರೆ. 1990ರ ದಶಕದಲ್ಲಿ ಕರಾವಳಿಯಲ್ಲೆಲ್ಲ ಅದೇ ಹುಚ್ಚು. ಮರಿ, ಆಹಾರ ಎಲ್ಲ ದುಡ್ಡು ಕೊಟ್ಟು ತರುವುದು, ಕೆರೆಗೆ ಉಪ್ಪುನೀರು ಕಟ್ಟಿ ನಿಲ್ಲಿಸುವುದು. 1994-95ರಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ತುಂಬ ಸಿಗಡಿ ಸತ್ತವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಇಂಥ ಕೆರೆಗಳನ್ನು ತೆಗೆಯಲು ಹೇಳಿತು. ಸಾಂಪ್ರದಾಯಿಕ ಪದ್ಧತಿಯನ್ನು ಮಾತ್ರ ಬಿಟ್ಟಿತು, ಅದನ್ನು ಗಮನಿಸಬೇಕು. ಇಷ್ಟರೊಳಗೆ ಎಷ್ಟೋ ಗಜನಿಗಳಲ್ಲಿ ಕಗ್ಗದ ಬೀಜವೇ ಇಲ್ಲದಾಗಿತ್ತು. ಒಬ್ಬನ ಗದ್ದೆಯಲ್ಲಿ ಉಪ್ಪುನೀರು ನಿಂತರೆ ಪಕ್ಕದವನದೂ ಕೆಟ್ಟಿತೆಂದೇ ಲೆಕ್ಕ.

ಈಗ ನಮ್ಮ ಸಂಘದ ವಿಚಾರ. ಬೆಳೆಸಾಲವನ್ನು ನಾವು ಪಹಣಿ ನೋಡಿ ಒಬ್ಬೊಬ್ಬರಿಗೆ ಕೊಡುತ್ತೇವೆ. ಕಟ್ಟೆಗೆ ಪಹಣಿ ಇಲ್ಲ, ಹಾಗಾಗಿ ಕಟ್ಟೆಗೆ ಸಾಲವೂ ಇಲ್ಲ. ಕಟ್ಟೆ ನಿಲ್ಲದೆ ಒಬ್ಬ ಸದಸ್ಯ ಕಗ್ಗ ಹಾಕುತ್ತೇನೆ ಅಂದರೂ ನಡೆಯುವುದಿಲ್ಲ. ಒಂದು ಗಜನಿಯವರೆಲ್ಲ ಗುಂಪಾಗಿ ಬಂದರೆ ಕಟ್ಟೆ ರಿಪೇರಿಗೆ ಸಂಘ ಹಣ ಕೊಡಬೇಕು, ಕಗ್ಗದ ಬೀಜ ನಮ್ಮ ಗೋದಾಮಿನಲ್ಲಿ ಇಟ್ಟಿರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರುವ ವಾರ್ಷಿಕ ಮಹಾಸಭೆಯ ಮುಂದೆ ಇಡುವವನಿದ್ದೇನೆ. ಗಜನಿ ಇರುವ ಸದಸ್ಯರು ತಪ್ಪದೆ ಬನ್ನಿ. ಪಹಣಿಯಲ್ಲಿ ಹೆಸರಿಲ್ಲದ, ಗಜನಿಯಲ್ಲಿ ಮೀನು ಹಿಡಿದು ಮಾರುವ ಅಕ್ಕ ತಂಗಿಯರನ್ನೂ ಕರೆತನ್ನಿ. ಯಾರ ಮನೆಯಲ್ಲಾದರೂ ಕಗ್ಗದ ಬೀಜ ಉಳಿದಿದ್ದರೆ ಒಂದು ಹಿಡಿ ತನ್ನಿ.