ಶಿಕ್ಷಕರ ಆಯ್ಕೆ ಪರೀಕ್ಷೆಗಳ ನ್ಯಾಯಸಮ್ಮತತೆ

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಮಾತ್ರಕ್ಕೆ ಪರೀಕ್ಷೆ ನ್ಯಾಯವಾಗುವುದಿಲ್ಲ. ಬಂದ ಅಂಕಕ್ಕೂ ತರಗತಿಯ ಕೆಲಸಕ್ಕೂ ನಂಟಿದೆಯೇ ಎಂಬುದೇ ವಿವಾದದ ತಿರುಳು. ಈ ನಂಟನ್ನು ಸೂಚಿಸಲು ಬಿ.ಎಡ್. ವಿದ್ಯಾರ್ಥಿಗಳು ಉರು ಹೊಡೆಯುವ ‘ಸಪ್ರಮಾಣತೆ’ ಎಂಬ ಪದ ಅಮೆರಿಕದ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ಜಗ್ಗಾಟಕ್ಕೆ ಸಿಕ್ಕಿತು.

ಅಲ್ಲಿ ರಾಷ್ಟ್ರೀಯ ಶಿಕ್ಷಕರ ಪರೀಕ್ಷೆ ಶುರುವಾದದ್ದು 1940ರಲ್ಲಿ. ಕಪ್ಪು ಶಿಕ್ಷಕರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುವುದು ಸಂವಿಧಾನಬಾಹಿರ ಎಂದು ನಾರ್ಫೋಕ್ ನಗರದ ಆಲ್ಸ್ಟನ್ ಪ್ರಕರಣದಲ್ಲಿ ತೀರ್ಪು ಬಂದದ್ದೂ ಅದೇ ವರ್ಷ. ಬಣ್ಣ ನೋಡಿ ಸಂಬಳ ಕೊಡುವ ಹಾದಿ ಮುಚ್ಚುತ್ತ ಬಂದಾಗ ದಕ್ಷಿಣ ಕೆರೊಲಿನಾ 1945ರಲ್ಲಿ ಈ ಪರೀಕ್ಷೆಯ ಅಂಕಕ್ಕೆ ಸಂಬಳವನ್ನು ಜೋಡಿಸಿತು. ಇದನ್ನು ಬರಿಯ ಕಾಕತಾಳೀಯ ಎನ್ನುವುದು ಕಷ್ಟ. ಆದರೂ 1978ರಲ್ಲಿ ಸುಪ್ರೀಂ ಕೋರ್ಟ್ ಆ ರಾಜ್ಯದ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ತಾಳೆ ನೋಡಿದ್ದು ತರಬೇತಿ ಕಾಲೇಜಿನ ಪಠ್ಯದೊಂದಿಗೆ, ಶಿಕ್ಷಕರ ಕೆಲಸದೊಂದಿಗೆ ಅಲ್ಲ. ನ್ಯಾಯಮೂರ್ತಿ ಬೈರನ್ ವೈಟ್ ಅವರ ಭಿನ್ನಮತ ಈ ಅಂಶವನ್ನೇ ಹಿಡಿದಿತ್ತು.

ನ್ಯೂಯಾರ್ಕ್ 1993ರಲ್ಲಿ ‘ಲಾಸ್ಟ್’ ಎಂಬ ಸಾಮಾನ್ಯ ಜ್ಞಾನದ ಪರೀಕ್ಷೆ ತಂದಿತು: 80 ಬಹು ಆಯ್ಕೆಯ ಪ್ರಶ್ನೆ, ಒಂದು ಪ್ರಬಂಧ. ಕಪ್ಪು ಮತ್ತು ಲ್ಯಾಟಿನೊ ಅಭ್ಯರ್ಥಿಗಳು ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದರು. ಇದರ ವಿರುದ್ಧ 1996ರಲ್ಲಿ ಹೂಡಿದ ಗುಲಿನೊ ಮೊಕದ್ದಮೆ 2003ರಲ್ಲಿ ಸೋತು, 2006ರ ಮೇಲ್ಮನವಿಯಲ್ಲಿ ಜೀವ ಪಡೆಯಿತು. ಪರೀಕ್ಷೆಯನ್ನು ರೂಪಿಸುವಾಗ ಶಿಕ್ಷಕರ ಕೆಲಸವನ್ನು ಸರಿಯಾಗಿ ವಿಶ್ಲೇಷಿಸಿದ್ದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ನ್ಯಾಯಾಧೀಶೆ ಕಿಂಬಾ ವುಡ್ 2012ರಲ್ಲಿ ತೀರ್ಪಿತ್ತರು. 2015ರ ಜೂನ್‌ನಲ್ಲಿ ‘ಲಾಸ್ಟ್’ನ ಪರಿಷ್ಕೃತ ರೂಪಕ್ಕೂ ಅದೇ ಗತಿಯಾಯಿತು. ಎರಡೇ ತಿಂಗಳಲ್ಲಿ ಅವರೇ ಇನ್ನೊಂದು ಪರೀಕ್ಷೆಯನ್ನು ಒಪ್ಪಿದರು. ಅದರಲ್ಲೂ ಉತ್ತೀರ್ಣರ ಪ್ರಮಾಣದಲ್ಲಿ ಅಂತರವಿತ್ತು. ಆದರೆ ಶಿಕ್ಷಕರು ಬೋಧಿಸಬೇಕಾದ ಪಠ್ಯಮಾನದಂಡಗಳಿಗೆ ಅದು ಅಂಟಿಕೊಂಡಿತ್ತು. ಹಾಗೆ ಗೆದ್ದ ಪರೀಕ್ಷೆಯನ್ನು ನ್ಯೂಯಾರ್ಕ್ 2017ರಲ್ಲಿ ತಾನಾಗಿಯೇ ಕೈಬಿಟ್ಟಿತು.

ಭಾರತದಲ್ಲಾದರೋ ಚರ್ಚೆ ನಡೆಯುವುದು ಕಟ್‌ಆಫ್ ಸುತ್ತ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ 150 ಪ್ರಶ್ನೆ, ಉತ್ತೀರ್ಣತೆಗೆ ಶೇ. 60 ಅಂಕ. ಮೀಸಲು ವರ್ಗಗಳಿಗೆ ತಮಿಳುನಾಡು ಕೊಟ್ಟ ಶೇ. 5ರ ರಿಯಾಯಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಮಾನ್ಯ ಮಾಡಿತು. ಕರ್ನಾಟಕದಲ್ಲೂ ಪರಿಶಿಷ್ಟರು ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇ. 55 ಸಾಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಆದೇಶಿಸಿತು. ಹೊಸಬರನ್ನು ಜರಡಿ ಹಿಡಿಯಲು ಬಂದ ಪರೀಕ್ಷೆಗೆ ದಶಕಗಳಿಂದ ಪಾಠ ಹೇಳುತ್ತಿರುವವರೂ ಕೂರಬೇಕಾಯಿತು.